ಹಾರಿಹೋದ ಹನ್ನೊಂದು ಎಣಿಕೆ

ಅದು ಶುರುವಾದದ್ದು ಮಾಗಿ ಚಳಿಯ ಒಂದು ಶನಿವಾರ, ಬೆಳಗಿನ ಏಳು ಗಂಟೆ ಹೊತ್ತಿಗೆ. ಆ ಹೊತ್ತಿನಲ್ಲಿ ನಮ್ಮೂರಲ್ಲಿ ಯಾರೂ ಸಿಡಿ ಪೆಟ್ಟಿಗೆಯನ್ನು ನನ್ನ ಹತ್ತಿರ ತರುವುದಿಲ್ಲ. ತಣ್ಣಗೆ ಕೂತಿದ್ದ ಪೆಟ್ಟಿಗೆಯನ್ನು ಒಲೆ ಉರಿಯುವ ಕೋಣೆಗೆ ತಂದರೆ ಅದರ ಕಣ್ಣಿಗೆ ಹಬೆ ಕಟ್ಟುತ್ತದೆ. ಕಣ್ಣು ಎಂದರೆ ತಟ್ಟೆಯ ಕೆಳಗೆ ಕೂತು ಹಾಡನ್ನು ಓದುವ ಗಾಜು, ಒಂದು ಹೆಸರುಕಾಳಿನಷ್ಟು. ಹಬೆ ಆರುವ ತನಕ ಪೆಟ್ಟಿಗೆ ತನ್ನೊಳಗೆ ತಟ್ಟೆಯೇ ಇಲ್ಲವೆಂದು ಹಟ ಹಿಡಿಯುತ್ತದೆ. ಬಿಸಿಲು ಬರಲಿ, ಆಮೇಲೆ ನೋಡೋಣ ಎಂದು ಎಷ್ಟು ಜನರನ್ನು ನಾನು ವಾಪಸು ಕಳಿಸಿದ್ದೇನೋ. ಹಾಗಾಗಿ ಪಕ್ಕದ ಬೀದಿಯ ದೇವೀರಮ್ಮ ಪೆಟ್ಟಿಗೆಯನ್ನು ಸೆರಗಿನೊಳಗೆ ಕೋಳಿಮರಿಯ ಹಾಗೆ ಅವುಚಿಕೊಂಡು ಬಂದು ಬಾಗಿಲಲ್ಲಿ ನಿಂತಾಗ, ಇವಳಿಗೆ ಬಿಸಿಲಿನ ತನಕ ತಡೆಯಲಾರದ್ದು ಏನೋ ಆಗಿದೆ ಎಂದುಕೊಂಡೆ.

"ಮಾವ, ನೀವು ಮೊನ್ನೆ ಬೇರೆ ಕಣ್ಣು ಹಾಕ್ಕೊಟ್ರಲ್ಲ, ಅವತ್ತಿಂದ ಪೆಟ್ಟಿಗೆ ಕೆಟ್ಟೈತೆ," ಎಂದಳು.

ಓಡುತ್ತಿಲ್ಲವೇ ಎಂದೆ. ಓಡುತ್ತದೆ ಎಂದಳು. ಹಾಡು ನಡುವೆ ಹಾರುತ್ತದೆಯೇ ಎಂದೆ.

"ಹಾರಲ್ಲ. ಅದೇ ರೋಗ. ಹಾರಬೇಕಾದ ಕಡೆ ಹಾರ್ತಾ ಇಲ್ಲ."

ಇಪ್ಪತ್ತೆರಡು ವರ್ಷದಿಂದ ಈ ಪೆಟ್ಟಿಗೆಗಳ ಹೊಟ್ಟೆ ಬಿಚ್ಚುತ್ತಿದ್ದೇನೆ. ಹಾರುತ್ತದೆ ಎಂಬ ದೂರು ದಿನಾ ಕೇಳಿದ್ದೇನೆ. ಹಾರುವುದಿಲ್ಲ ಎಂಬ ದೂರು ಅದೇ ಮೊದಲು.

ನಮ್ಮೂರು ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಊರ ಹಿಂದೆ ಒಂದು ಗುಡ್ಡವಿದೆ. ಯಾರಾದರೂ ಬಾಯಿಬಿಟ್ಟು ಹಾಡಿದರೆ ಅದು ಊರ ಕಡೆಗೆ ಸರಿಯುತ್ತದೆ. ಸಿಟ್ಟಿನಿಂದಲ್ಲ, ಹಸು ಹುಲ್ಲಿನ ಕಡೆಗೆ ಬರುವ ಹಾಗೆ, ನಿಧಾನಕ್ಕೆ. ಹಾಡು ನಿಂತರೆ ಅದೂ ನಿಲ್ಲುತ್ತದೆ, ಹಿಂದಕ್ಕೆ ಮಾತ್ರ ಹೋಗುವುದಿಲ್ಲ. ಮಾತಿಗೆ, ಬೈಗುಳಕ್ಕೆ, ಅಳುವಿಗೆ, ಕುಕ್ಕರಿನ ಶಿಳ್ಳೆಗೆ ಅದು ಅಲ್ಲಾಡುವುದಿಲ್ಲ. ಕುಡಿದವರು ಊಳಿಟ್ಟರೂ ಇಲ್ಲ. ಎಷ್ಟೇ ಮೆಲ್ಲಗೆ ಹಾಡಲಿ, ಹಾಡು ಹಾಡಾಗಿದ್ದರೆ ಅದಕ್ಕೆ ಕೇಳುತ್ತದೆ. ನಾನು ಚಿಕ್ಕವನಿದ್ದಾಗ ಯಾವುದೋ ಊರಿನ ವಾಲಗದವರು ವಿಷಯ ತಿಳಿಯದೆ ನುಡಿಸುತ್ತ ರಸ್ತೆಯಲ್ಲಿ ಹಾದುಹೋದರು. ನಮ್ಮವರು ಓಡಿಹೋಗಿ ಕೈಮುಗಿದು ನಿಲ್ಲಿಸುವಷ್ಟರಲ್ಲಿ ಗುಡ್ಡ ಮೂವತ್ತೆರಡು ಮಾರು ಬಂದು ಹಳೇ ಶಾಲೆಯನ್ನು ನುಂಗಿತ್ತು. ಈಗ ನಮ್ಮ ಮದುವೆಗಳಲ್ಲಿ ವಾಲಗದವರು ಬರುತ್ತಾರೆ, ಕೂರುತ್ತಾರೆ, ಬೆರಳಾಡಿಸುತ್ತಾರೆ, ಊದುವುದಿಲ್ಲ. ಕೆನ್ನೆ ನೋಡಿಯೇ ಯಾವ ರಾಗವೆಂದು ಹೇಳುವ ಮುದುಕರಿದ್ದಾರೆ. ಶಾಲೆಯಲ್ಲಿ ಮಗ್ಗಿಯನ್ನು ರಾಗ ಎಳೆದು ಹೇಳುವ ಹಾಗಿಲ್ಲ. ರಾಗವಿಲ್ಲದ ಮಗ್ಗಿ ನನ್ನ ತಲೆಗೆ ಹತ್ತಲಿಲ್ಲ, ಮೂರನೇ ಕ್ಲಾಸಿಗೇ ಬಿಟ್ಟೆ.

ಕಿವಿಗೆ ಸಿಕ್ಕಿಸುವ ವೈರಿನ ಜೊತೆ ಸಿಡಿ ಪೆಟ್ಟಿಗೆ ಬಂದಾಗ ನಮ್ಮೂರಿಗೆ ಹಬ್ಬವಾದದ್ದು ಅದಕ್ಕೇ. ಹಾಡು ಗಾಳಿಗೆ ಬರದೆ ನೇರ ತಲೆಯೊಳಗೆ ಹೋಗುತ್ತದಲ್ಲ. ಹೊರಗಿನ ಊರುಗಳಲ್ಲಿ ಈಗ ಇವನ್ನು ಗುಜರಿಗೆ ಹಾಕಿದ್ದಾರಂತೆ, ಎಲ್ಲ ಫೋನಿನಲ್ಲೇ ಕೇಳುತ್ತಾರಂತೆ. ನಮ್ಮೂರಿಗೆ ಫೋನು ಸಿಗುವುದಿಲ್ಲ, ಗುಡ್ಡ ಅಡ್ಡ. ವಾರಕ್ಕೊಮ್ಮೆ, ಬುಧವಾರ ಬೆಳಿಗ್ಗೆ ಹೊರಡುವ ಬಸ್ಸಿನ ಡ್ರೈವರು ಗುಜರಿಯಿಂದ ಹಳೇ ಪೆಟ್ಟಿಗೆಗಳ ಮೂಟೆ ತಂದುಕೊಡುತ್ತಾನೆ. ಒಂದರ ಕಣ್ಣು ಇನ್ನೊಂದಕ್ಕೆ, ಇನ್ನೊಂದರ ಮುಚ್ಚಳ ಮತ್ತೊಂದಕ್ಕೆ ಹಾಕಿ ನಾನು ಊರನ್ನು ನಡೆಸಿಕೊಂಡು ಬಂದಿದ್ದೇನೆ.

ದೇವೀರಮ್ಮನಿಗೆ ಆಗ ಮೂವತ್ತಾರು. ಹಾಸಿಗೆ ಹಿಡಿದ ತಾಯಿಯನ್ನು ಹತ್ತೊಂಬತ್ತು ವರ್ಷ ನೋಡಿಕೊಂಡವಳು, ಊರು ಬಿಟ್ಟು ಒಂದು ದಿನ ಕದಲಿದವಳಲ್ಲ. ಆ ವರ್ಷಗಳಲ್ಲೆಲ್ಲ ಕಿವಿಗೆ ವೈರು ಹಾಕಿಕೊಂಡು ಒಂದೇ ಒಂದು ಹಾಡನ್ನು ಕಲಿತಳು. ತುಂಬೆ ಹೂವಿನ ಹಾಡು ಎನ್ನುತ್ತೇವೆ ನಾವು. ಹಾಡಿದವರು ಯಾರೋ ಗೊತ್ತಿಲ್ಲ, ತಟ್ಟೆಯ ಮೇಲೆ ಹೆಸರಿರಲಿಲ್ಲ. ಕಲಿತದ್ದು ಗಂಟಲಿನೊಳಗೇ, ಹೊರಗೆ ಒಂದು ಸಲವೂ ಬಿಟ್ಟಿಲ್ಲ. ತನಗೆ ದನಿ ಇದೆಯೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಹಿಂದಿನ ವರ್ಷ ತಾಯಿ ತೀರಿಕೊಂಡಳು. ಹೊಳೆಯಾಚೆ ಗುಡ್ಡದ ಕಿವಿಗೆ ದೂರವಾದ ಊರಿನಲ್ಲಿ ಹಾಡು ಹೇಳಿಕೊಡುವ ಒಬ್ಬ ಟೀಚರಮ್ಮ ಇದ್ದಾರೆಂದು ಡ್ರೈವರು ಹೇಳಿದ. ಇವಳು ಕಾಗದ ಬರೆಸಿದಳು. ಉತ್ತರವೂ ಬಂತು. ಬರುವ ಶುಕ್ರವಾರ ಬಾ, ಒಂದು ಹಾಡನ್ನು ಮೊದಲಿನಿಂದ ಕೊನೆತನಕ ಇಡಿಯಾಗಿ ಹಾಡು, ಹಿಡಿಸಿದರೆ ಮನೆಯಲ್ಲೇ ಇಟ್ಟುಕೊಂಡು ಕಲಿಸುತ್ತೇನೆ, ಈ ವರ್ಷದ ಮೇಲೆ ನಾನು ಹೊಸಬರನ್ನು ತೆಗೆದುಕೊಳ್ಳುವುದಿಲ್ಲ, ಅಂತ. ಬುಧವಾರದ ಬಸ್ಸು ತಪ್ಪಿದರೆ ಮುಗಿಯಿತು. ನಡುವೆ ಉಳಿದದ್ದು ನಾಲ್ಕು ದಿನ. ಅಂಥದರಲ್ಲಿ ಅವಳ ಹಾಡಿನ ನಡುವೆ ಇದ್ದಕ್ಕಿದ್ದಂತೆ ಅವಳು ಕಲಿಯದ್ದೇನೋ ಬಂದು ಕೂತಿತ್ತು.

ಬಿಸಿಲು ಏರಿದ ಮೇಲೆ ಜಗಲಿಯಲ್ಲಿ ಕೂತು ನೋಡಿದೆ. ಯಾವುದಕ್ಕೂ ಒಂದು ಕ್ರಮ ಬೇಕು. ಮೊದಲು, ಉಳಿದ ಗುಂಡಿಗಳನ್ನೆಲ್ಲ ತಡೆಹಿಡಿಯುವ ಬೀಗದ ಗುಂಡಿ ನೋಡುತ್ತೇನೆ. ಪೆಟ್ಟಿಗೆ ಸತ್ತಿದೆ ಎಂದು ಅಳುತ್ತ ಬಂದವರಲ್ಲಿ ಅರ್ಧ ಜನ ಆ ಗುಂಡಿಯನ್ನು ತಾವೇ ಸರಿಸಿರುತ್ತಾರೆ. ಅದು ಸರಿಯಿತ್ತು. ಸೆಲ್ಲು ಕೂರುವ ಜಾಗದ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದಿದ್ದರೆ ನಿಂಬೆರಸದ ಹತ್ತಿಯಲ್ಲಿ ಒರೆಸುತ್ತೇನೆ, ಅಲ್ಲಿ ಕಿಲುಬಿರಲಿಲ್ಲ. ಮುಚ್ಚಳ ಮುಚ್ಚಿತೆಂದು ಪೆಟ್ಟಿಗೆಗೆ ತಿಳಿಸುವ ಒಂದು ಸಣ್ಣ ಮುಳ್ಳಿರುತ್ತದೆ, ಅದು ಸವೆದರೆ ಮಡಿಸಿದ ಕಾಗದ ಇಡಬೇಕು. ಅದೂ ಗಟ್ಟಿಯಾಗಿತ್ತು. ನನ್ನ ಕೈಯ ಕೆಲಸದಲ್ಲಿ ಏನೂ ತಪ್ಪಿರಲಿಲ್ಲ. ಹಾಗಾದರೆ ಹಾಡನ್ನೇ ನೋಡೋಣ ಎಂದು ವೈರಿನ ಒಂದು ಕಿವಿ ಅವಳಿಗೆ ಕೊಟ್ಟು ಇನ್ನೊಂದು ನಾನಿಟ್ಟುಕೊಂಡೆ.

ಆ ಹಾಡು ಊರಿಗೆಲ್ಲ ಬಾಯಿಪಾಠ, ಬಾಯಿ ಬಿಡದ ಬಾಯಿಪಾಠ. ನಡುವೆ ಪದಗಳು ನಿಂತು ಬರೀ ದನಿ ಮೇಲಕ್ಕೆ ಹತ್ತುತ್ತದೆ, ಹತ್ತುತ್ತದೆ, ಇನ್ನು ಉಸಿರೇ ಇಲ್ಲ ಅನ್ನುವ ಕಡೆ ಒಮ್ಮೆಲೇ ಕೆಳಗೆ ಬಂದು ನಿಂತಿರುತ್ತದೆ. ನಡುವೆ ಮೆಟ್ಟಿಲಿಲ್ಲ. ನಮ್ಮೂರವರಿಗೆ ಆ ಜಾಗವೆಂದರೆ ಪ್ರಾಣ. ಅಂಥ ನೆಗೆತ ಬೇರೆ ಯಾರಿಂದಲೂ ಆಗುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಆ ದಿನ ನಾನು ಕೇಳುವುದರ ಜೊತೆಗೆ ಪೆಟ್ಟಿಗೆಯ ಪುಟ್ಟ ಕಿಟಕಿಯನ್ನೂ ನೋಡುತ್ತಿದ್ದೆ. ಹಾಡು ಎಷ್ಟು ಹೊತ್ತು ಓಡಿತು ಎಂದು ಅಲ್ಲಿ ಅಂಕೆ ಬರುತ್ತದೆ. ಪೆಟ್ಟಿಗೆ ಸೊಂಟದಲ್ಲೋ ಚೀಲದಲ್ಲೋ ಇರುವುದರಿಂದ ಅದನ್ನು ಯಾರೂ ನೋಡುವುದಿಲ್ಲ. ಎರಡು ನಿಮಿಷ ಹದಿನಾಲ್ಕು ಎಂದು ತೋರಿಸಿತು. ಹದಿನೈದು ಎಂದಿತು. ಆ ಹದಿನೈದರಲ್ಲಿ ದನಿ ಇಳಿಯುವುದಕ್ಕೆ ಒಂದು ಕಾಲು ಕೆಳಗಿಟ್ಟಿತು. ಆಮೇಲೆ ಅಂಕೆ ನೇರ ಇಪ್ಪತ್ತಾರಕ್ಕೆ ಹೋಯಿತು.

ನನ್ನ ಹಳೇ ಪೆಟ್ಟಿಗೆಗೆ ಅದೇ ತಟ್ಟೆ ಹಾಕಿದೆ. ಹದಿನಾಲ್ಕು, ಆಮೇಲೆ ಇಪ್ಪತ್ತಾರು. ಮೂರು ಸಲ ಹಾಕಿದೆ, ಮೂರು ಸಲವೂ ಅಷ್ಟೇ.

ಹನ್ನೊಂದು ಎಣಿಕೆಯಷ್ಟು ಹಾಡು ಒಳಗೆಲ್ಲೋ ಇದೆ. ಊರಿಗೆ ಊರೇ ನೆಗೆತ ಎಂದುಕೊಂಡದ್ದು ನೆಗೆತವಲ್ಲ. ತಟ್ಟೆ ಅಲ್ಲಿ ಕುರುಡಾಗಿದೆ.

ತಟ್ಟೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದೆ. ಒಂದು ಕಡೆ, ಬಳೆಯ ಚೂರಿನ ಹಾಗೆ ಬಾಗಿದ ಮಸುಕು ಗೀರುಗಳ ಗುಂಪು ಕಂಡಿತು. ಅಡ್ಡಗೀರಾದರೆ ಕಣ್ಣು ದಾಟಿಕೊಂಡು ಹೋಗುತ್ತದೆ, ಇವು ಹಾಡಿನ ದಾರಿಯ ಉದ್ದಕ್ಕೇ ಇದ್ದವು. ಹಿಂದಿನಿಂದ ನನ್ನ ಹೆಂಡತಿ ಚಿಕ್ಕತಾಯಮ್ಮ ಬಗ್ಗಿ ನೋಡಿದಳು. ಅವಳ ಕೈಯಲ್ಲಿ ಬೆಳಗಲು ಇಟ್ಟುಕೊಂಡಿದ್ದ ಹಿತ್ತಾಳೆ ತಟ್ಟೆಯಿತ್ತು.

"ಇದು ನೀವು ಅವತ್ತು ಬೂದಿ ಹಾಕಿ ಉಜ್ಜಿದ ತಟ್ಟೆ ಅಲ್ವಾ?" ಎಂದಳು.

ನನಗೆ ಅನೇಕ ಸಂಗತಿಗಳು ನೆನಪಿರುತ್ತವೆ, ಊರಿನ ಯಾವ ಪೆಟ್ಟಿಗೆಯ ಸ್ಕ್ರೂ ಯಾವತ್ತು ಕಳೆಯಿತು ಎಂಬುದೂ. ಇದೊಂದನ್ನು ನೆನಪು ಎಲ್ಲೋ ಮಡಿಸಿ ಇಟ್ಟಿತ್ತು. ಊರಿಗೆ ಮೊದಲ ಪೆಟ್ಟಿಗೆ ತಂದವನು ನಾನೇ. ಹೊಳೆಯಾಚೆ ಹೋಗಿ, ಆ ಪೆಟ್ಟಿಗೆಯನ್ನೂ ಈ ಒಂದು ತಟ್ಟೆಯನ್ನೂ ತಂದಿದ್ದೆ. ಮಾರನೆಯ ದಿನ ಪಾಯಸ ತಿಂದ ಬೆರಳಿನಲ್ಲಿ ತಟ್ಟೆ ಮುಟ್ಟಿ ಬೆಲ್ಲದ ಕಲೆಯಾಯಿತು. ಹೊಳೆಯುವ ತಟ್ಟೆ, ಕಲೆಯಾದರೆ ಏನು ಮಾಡಬೇಕೆಂದು ಯಾರಿಗೆ ಗೊತ್ತಿಲ್ಲ? ಒಲೆಯ ಬೂದಿ ಎರಡು ಚಿಟಿಕೆ, ಒದ್ದೆ ಬಟ್ಟೆ, ಸುತ್ತ ಸುತ್ತ ಉಜ್ಜಿದೆ. ಚೆನ್ನಾಗಿ ಹೊಳೆಯಿತು. ಆಮೇಲೆ ಹಾಡು ಅಲ್ಲಿ ಹಾರತೊಡಗಿತು. ಯಂತ್ರದ ಸ್ವಭಾವವೇ ಹಾಗೆಂದುಕೊಂಡೆ. ಅದೇ ತಟ್ಟೆಯಿಂದ ಹೊಳೆಯಾಚೆ ನಕಲು ಮಾಡಿಸಿ ಊರಿಗೆಲ್ಲ ಹಂಚಿದೆ. ಮೂಲದ ತಟ್ಟೆಯನ್ನು ದೇವೀರಿಯ ತಾಯಿಗೆ ಕೊಟ್ಟೆ. ಅಷ್ಟೇ ಅಲ್ಲ, ತಟ್ಟೆ ಕೊಳೆಯಾದರೆ ಸುತ್ತ ಸುತ್ತ ಒರೆಸಬೇಕೆಂದು ಊರಿಗೆಲ್ಲ ಹೇಳಿಕೊಟ್ಟವನೂ ನಾನೇ. ನಡುವಿನಿಂದ ಅಂಚಿಗೆ ಒರೆಸಬೇಕು ಎಂದು ಡ್ರೈವರಿನಿಂದ ತಿಳಿಯುವಾಗ ಹತ್ತು ವರ್ಷ ಕಳೆದಿತ್ತು.

ಇನ್ನೊಂದು ಸಂಗತಿಯೂ ಆಗಲೇ ನೆನಪಾಯಿತು. ದೇವೀರಿಯ ತಾಯಿ ಕೊನೆಕೊನೆಗೆ ಬುದ್ಧಿ ಮಂಕಾಗಿ, ಒಂದು ಮಧ್ಯಾಹ್ನ ಈ ಹಾಡನ್ನು ಬಾಯಿಬಿಟ್ಟು ಹಾಡಿಬಿಟ್ಟಿದ್ದಳು. ನಾವೆಲ್ಲ ಉಸಿರು ಹಿಡಿದು ನಿಂತೆವು. ಗುಡ್ಡದ ಬುಡದಲ್ಲಿ ದೂಳು ಎದ್ದಿತು. ಅವಳು ಆ ನೆಗೆತದ ಜಾಗಕ್ಕೆ ಬಂದಳು, ದೂಳು ಅಲ್ಲಿಗೇ ನಿಂತಿತು. ಮುದುಕಿ ಕೊನೆತನಕ ಹಾಡಿದಳು, ಗುಡ್ಡ ಮತ್ತೆ ಅಲ್ಲಾಡಲಿಲ್ಲ. ಹಗ್ಗ ಹಿಡಿದು ಅಳೆದಾಗ ನಾಲ್ಕೇ ಬೆರಳು. ಕಾಯಿಲೆಯವಳೆಂದು ಗುಡ್ಡಕ್ಕೂ ಕನಿಕರ ಬಂತು ಎಂದರು. ಕನಿಕರವಲ್ಲ. ಹಾಡು ಮುರಿದ ಜಾಗದಲ್ಲಿ ಗುಡ್ಡ ಕೇಳುವುದನ್ನು ನಿಲ್ಲಿಸಿತ್ತು. ಗುಡ್ಡಕ್ಕೆ ತಿಳಿದದ್ದು ಆ ಟೀಚರಮ್ಮನಿಗೆ ತಿಳಿಯದೇ ಇರುತ್ತದೆಯೇ?

ಭಾನುವಾರ ಬೆಳಿಗ್ಗೆ ದೇವೀರಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಬೂದಿಯ ವಿಷಯವನ್ನೂ ಬಿಡಲಿಲ್ಲ. ಅವಳು ರಾಗಿ ಹಸನು ಮಾಡುತ್ತಿದ್ದಳು, ಮೊರ ಕೆಳಗಿಡಲಿಲ್ಲ. ಕಲ್ಲೊಂದನ್ನು ಹೆಕ್ಕಿ ಎಸೆದು, ಇರುವ ಹಾಗೇ ಹಾಡುತ್ತೇನೆ ಎಂದಳು. "ಅವ್ವನೂ ಹಾರಿಸೇ ಹಾಡಿದ್ಲು, ಮಾವ. ಅದೇ ನಮ್ಮ ಹಾಡು."

"ನಿಮ್ಮವ್ವ ಹಾರಿಸಲಿಲ್ಲ ಕಣವ್ವ. ನಾನು ಅವಳನ್ನ ಹಾರಿಸ್ದೆ," ಎಂದೆ.

ಅವಳು ಮೊರವನ್ನು ಇನ್ನೆರಡು ಸಲ ಕೇರಿದಳು. ಆಮೇಲೆ ಎದ್ದು ಪೆಟ್ಟಿಗೆ ತಂದು ನನ್ನ ಮುಂದಿಟ್ಟಳು. ಬೈದಿದ್ದರೆ ಹಗುರವಾಗುತ್ತಿತ್ತು, ಬೈಯಲಿಲ್ಲ.

ಗೀರುಬಿದ್ದ ತಟ್ಟೆಗೆ ಹಲ್ಲುಜ್ಜುವ ಪೇಸ್ಟು ಮದ್ದು ಎಂದು ಡ್ರೈವರು ಹೇಳಿದ್ದ. ಆ ದಿನವೆಲ್ಲ ಬೆರಳ ತುದಿಯಲ್ಲಿ ಪೇಸ್ಟು ಹಚ್ಚಿ, ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ ತಿಕ್ಕಿ ತೊಳೆದು ಒಣಗಿಸಿದೆ. ಸಂಜೆಗೆ ಹದಿನಾರೂ ಸಿಕ್ಕಿತು. ಅದರ ಮುಂದೆ ಇಲ್ಲ. ಆದರೆ ನನ್ನ ಹಳೇ ಪೆಟ್ಟಿಗೆ ಬೇರೇನೋ ಮಾಡಿತು. ಅದು ಹದಿನಾಲ್ಕರಿಂದ ಇಪ್ಪತ್ತೈದಕ್ಕೆ ಹೋಯಿತು. ಅಂದರೆ ಒಂದು ಪೆಟ್ಟಿಗೆ ಮುಂದಿನ ತುದಿ ಓದುತ್ತದೆ, ಇನ್ನೊಂದು ಹಿಂದಿನ ತುದಿ. ಪ್ರತಿ ಪೆಟ್ಟಿಗೆಗೂ ಅದರದ್ದೇ ಕಣ್ಣು, ಅದರದ್ದೇ ಹಟ. ಊರಿನ ಎಲ್ಲ ಪೆಟ್ಟಿಗೆಗಳಿಗೂ ಈ ಒಂದೇ ತಟ್ಟೆ ಹಾಕಿ ನೋಡಿದರೆ ಏನಾಗಬಹುದು ಎಂದು ಕುತೂಹಲವಾಯಿತು.

ಸೋಮವಾರ ಗುಡ್ಡ ಅಳೆಯುವ ದಿನ. ಹಗ್ಗದ ಈರಯ್ಯ ಬುಡದಿಂದ ಬಾವಿಕಟ್ಟೆಯ ತನಕ ಗಂಟು ಹಾಕಿದ ಹಗ್ಗ ಎಳೆದು, ಸರಿದಿಲ್ಲ, ಎಲ್ಲ ಕ್ಷೇಮ ಎಂದು ಬೀದಿಬೀದಿಗೆ ಹೇಳಿಕೊಂಡು ಬರುತ್ತಾನೆ. ಆ ದಿನ ಅವನ ಬಾಯಲ್ಲೇ ನನ್ನ ಸುದ್ದಿಯನ್ನೂ ಹೇಳಿಸಿದೆ. ಅವನು ನನಗಿಂತ ನಾಲ್ಕು ವರ್ಷ ಚಿಕ್ಕವನು, ನಾಲಗೆ ಮಾತ್ರ ಉದ್ದ. "ಬೋರಣ್ಣ ಇಪ್ಪತ್ತೆರಡು ವರ್ಷದ ಹಿಂದೆ ತಟ್ಟೆ ತೊಳೆದವ್ನೆ, ನೀರು ಇವತ್ತು ಚೆಲ್ತಾನಂತೆ, ಎಲ್ಲರೂ ಪೆಟ್ಟಿಗೆ ತನ್ನಿ" ಎಂದು ಸಾರಿದನಂತೆ. ಹತ್ತು ಗಂಟೆಗೆಲ್ಲ ನನ್ನ ಜಗಲಿಯಲ್ಲಿ ನಲವತ್ತೊಂದು ಪೆಟ್ಟಿಗೆ ಇದ್ದವು.

ಅವನ್ನೆಲ್ಲ ನಾನು ಹೆಸರು ಹಿಡಿದು ಕರೆಯಬಲ್ಲೆ. ಹೂವಿನ ಅಂಗಡಿಯವರದು ಬೋರಲು ಹಾಕಿದರೆ ಮಾತ್ರ ಓಡುತ್ತದೆ. ಟೈಲರಿನದಕ್ಕೆ ಮುಚ್ಚಳದ ಮೇಲೆ ರಬ್ಬರ್ ಬ್ಯಾಂಡು ಬೇಕು. ಮೇಷ್ಟರ ಮನೆಯದನ್ನು ಹತ್ತು ನಿಮಿಷ ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಬೇಕು. ಒಂದಕ್ಕೆ ಸೆಲ್ಲಿನ ಬಾಗಿಲನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದಿರಬೇಕು, ಬಿಟ್ಟರೆ ಸತ್ತಿತು. ಇನ್ನೊಂದು ಬಲಗಿವಿಗೆ ಮಾತ್ರ ಹಾಡುತ್ತದೆ. ಎಲ್ಲವನ್ನೂ ಪಾಯಸ ತುಂಬಿದ ಬಟ್ಟಲಿನ ಹಾಗೆ ಅಲುಗದಂತೆ ಹಿಡಿಯಬೇಕು. ಯಜಮಾನರು ತಮ್ಮ ತಮ್ಮ ಪೆಟ್ಟಿಗೆಯ ಹಟವನ್ನು ಹೆಮ್ಮೆಯಿಂದ ಹೇಳುತ್ತ ಪಕ್ಕದಲ್ಲಿ ಕೂತರು. ತಟ್ಟೆ ಒಂದರಿಂದ ಇನ್ನೊಂದಕ್ಕೆ ಹೋಯಿತು. ನಾನೂ ದೇವೀರಿಯೂ ಒಂದೊಂದು ಕಿವಿಯಲ್ಲಿ ಕೇಳುತ್ತ, ಕಿಟಕಿಯ ಅಂಕೆ ನೋಡುತ್ತ ಕೂತೆವು. ಈರಯ್ಯ ಹನ್ನೊಂದು ಹುಣಸೆಬೀಜಗಳನ್ನು ಸಾಲಾಗಿ ಇಟ್ಟ. ಒಂದು ಎಣಿಕೆ ಸಿಕ್ಕಾಗ ಒಂದು ಬೀಜ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಎಲ್ಲರಿಗೂ ಇದು ಹಿಡಿಸಿತೆಂದಲ್ಲ. ಟೈಲರು, ಇಷ್ಟು ವರ್ಷ ಚೆನ್ನಾಗಿದ್ದ ಹಾಡಿಗೆ ಈಗ ಬಾಲ ಅಂಟಿಸುವುದೇಕೆ ಎಂದ. ಒಬ್ಬ ಅಜ್ಜಿ, ನೆಗೆತ ಹೋದರೆ ನನಗೆ ಆ ಹಾಡೇ ಬೇಡ ಎಂದು ತನ್ನ ಪೆಟ್ಟಿಗೆ ಎತ್ತಿಕೊಂಡು ಹೋದಳು, ಆಮೇಲೆ ಏನಾಯಿತೋ ನೋಡೋಣವೆಂದು ವಾಪಸು ಬಂದಳು. ಮಧ್ಯಾಹ್ನಕ್ಕೆ ಐದು ಬೀಜ ಹೋಗಿದ್ದವು. ಟೈಲರಿನ ಪೆಟ್ಟಿಗೆಯೇ ಎರಡನ್ನು ಓದಿತು. ಸಂಜೆ ಆರಕ್ಕೆ ನಲವತ್ತೊಂದನೆಯದೂ ಮುಗಿಯಿತು. ಒಂಬತ್ತು ಬೀಜ ಈರಯ್ಯನ ಜೇಬಿನಲ್ಲಿ, ಎರಡು ಜಗಲಿಯ ಮೇಲೆ. ಆರನೆಯದು, ಏಳನೆಯದು. ಇಳಿಯುವ ಏಣಿಯ ನಟ್ಟನಡುವಿನ ಎರಡು ಮೆಟ್ಟಿಲು.

"ಮಾವ, ಇದನ್ನ ಇಡಿಯಾಗಿ ಯಾರೂ ಕೇಳಿಲ್ವಾ?" ಎಂದು ದೇವೀರಿ ಕೇಳಿದಳು.

ಕೇಳಿದವನು ಒಬ್ಬನಿದ್ದ. ತಟ್ಟೆ ತಂದ ದಿನ, ಬೂದಿಗೆ ಮೊದಲು, ಬಸ್ಸಿನಲ್ಲಿ ಒಂದು ಸಲ. ಸೇತುವೆ ದಾಟುವಾಗ ಆ ಜಾಗ ಬಂದಿತ್ತು. ದನಿ ಇಳಿಯುವಾಗ ನಾನು ಮುಂದಿನ ಸೀಟಿನ ಕಬ್ಬಿಣದ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ಈಗಲೂ ಅಂಗೈಗೆ ನೆನಪಿದೆ. ಸರಳು ತಣ್ಣಗಿತ್ತು. ಆದರೆ ಕಿವಿಗೆ ನೆನಪಿದೆಯೇ? ಅದನ್ನು ತಿಳಿಯುವುದು ಹೇಗೆ? ಹೊಳೆ ದಾಟಿದ ಮೇಲೆ ಹಾಡಿ ತೋರಿಸಬಹುದಿತ್ತು. ಆದರೆ ಅಲ್ಲಿ ಸರಿ ತಪ್ಪು ಹೇಳುವವರು ಯಾರು? ನಾನು ಜೀವಮಾನದಲ್ಲಿ ಹಾಡಿದವನಲ್ಲ, ದೇವೀರಿ ಆ ಎರಡು ಎಣಿಕೆಯನ್ನು ಕೇಳಿದವಳಲ್ಲ. ತಪ್ಪನ್ನು ಕಲಿಸಿ ಕಳಿಸುವುದು ನನ್ನಿಂದ ಒಂದು ಸಲ ಆಗಿದೆ, ಎರಡನೇ ಸಲ ಬೇಡ. ಹಾಡು ಎಲ್ಲಿ ಮುರಿಯಿತೆಂದು ತಿಳಿದು ನಿಲ್ಲುವಂಥದ್ದು ಒಂದೇ ಇತ್ತು, ಆ ಗುಡ್ಡ, ನನ್ನ ಹಿತ್ತಲ ತುದಿಗೆ ತಾಗಿಕೊಂಡು, ಹಿಂಬಾಗಿಲಿನಿಂದ ಹದಿನೇಳು ಮಾರು ದೂರದಲ್ಲಿ.

ಬೇಕೆಂದೇ ಗುಡ್ಡವನ್ನು ಕರೆದವನಿಗೆ ನಮ್ಮೂರಲ್ಲಿ ಒಂದು ಕಟ್ಟಳೆಯಿದೆ. ಗುಡ್ಡ ಹೊಸದಾಗಿ ಬಂದು ಕೂತ ಬುಡದಲ್ಲಿ ಹುಲ್ಲು ಚಿಗುರುವ ತನಕ ಅವನು ಊರಲ್ಲಿರುವ ಹಾಗಿಲ್ಲ. ನನ್ನ ಕಾಲದಲ್ಲಿ ಹಾಗೆ ಹೋದವರು ಇಬ್ಬರು. ಮಂಗಳವಾರ ಬೆಳಿಗ್ಗೆ ಈರಯ್ಯನಿಗೆ ಹೇಳಿದೆ. ಅವನು ತಮಾಷೆ ಮಾಡಲಿಲ್ಲ. ನಿನ್ನ ವಯಸ್ಸಿಗೆ ಎಲ್ಲಿ ಹೋಗಿ ಇರುತ್ತೀಯ ಎಂದ. ಡ್ರೈವರಿನ ಮನೆಯ ಹಿಂದೆ ಗುಜರಿ ಇಡುವ ಕೊಟ್ಟಿಗೆಯಿದೆ, ಅಲ್ಲಿ ನನಗೆ ಬೇಕಾದಷ್ಟು ಕೆಲಸವಿದೆ ಎಂದೆ. ಚಿಕ್ಕತಾಯಮ್ಮ ಹಿತ್ತಲಿಗೆ ಹೋಗಿ, ಒಣಗಲು ಹಾಕಿದ್ದ ಬಟ್ಟೆಗಳನ್ನೆಲ್ಲ ತೆಗೆದುಕೊಂಡು ಬಂದಳು. ಅದೇ ಅವಳ ಒಪ್ಪಿಗೆ.

ಹನ್ನೊಂದು ಗಂಟೆಗೆ ಹಿತ್ತಲಲ್ಲಿ ನಿಂತೆ. ಪಕ್ಕದಲ್ಲಿ ದೇವೀರಿ, ಬುಡದ ಹತ್ತಿರ ಹಗ್ಗ ಹಿಡಿದು ಈರಯ್ಯ, ಬೇಲಿಯಾಚೆ ಊರು. ಬಾಯಿ ತೆರೆದೆ. ಎಪ್ಪತ್ತು ವರ್ಷ ಮುಚ್ಚಿದ್ದ ಬಾವಿಯ ಹಲಗೆ ತೆಗೆದ ಹಾಗೆ ಮೊದಲು ಬರೀ ಗಾಳಿ ಬಂತು. ಆಮೇಲೆ ದನಿ. ಒಂದರಿಂದ ಐದನೇ ಎಣಿಕೆಯ ತನಕ ಪೆಟ್ಟಿಗೆಗಳು ಕೊಟ್ಟದ್ದನ್ನು ಹಾಡಿದೆ. ಬುಡದಲ್ಲಿ ದೂಳು ಎದ್ದಿತು, ಬೀಸುವ ಕಲ್ಲು ತಿರುಗಿದಂಥ ಸದ್ದು ಬಂತು. ಆರನೆಯದನ್ನು ನೆನಪಿದ್ದಂತೆ ಹಾಡಿದೆ. ದೂಳು ನಿಂತಿತು.

ಈರಯ್ಯ ಎರಡು ಬೆರಳು ಎತ್ತಿ ತೋರಿಸಿದ.

ಮತ್ತೆ ಮೊದಲಿನಿಂದ ಹಾಡಿದೆ, ಆರರಲ್ಲಿ ಸ್ವಲ್ಪ ತಡೆದೆ. ಆರು ದಾಟಿತು, ಏಳಕ್ಕೆ ನಿಂತಿತು. ಇನ್ನೂ ಎರಡು ಬೆರಳು. ದೇವೀರಿ ನನ್ನ ತೋಳು ಹಿಡಿದು, ಸಾಕು ಬಿಡಿ, ಹನ್ನೊಂದರಲ್ಲಿ ಹತ್ತು ಸಿಕ್ಕಿತಲ್ಲ ಎಂದಳು. ಒಂದು ಹಲ್ಲು ಮುರಿದ ಚಕ್ರವನ್ನು ನಾನು ಎಂದೂ ಪೆಟ್ಟಿಗೆಗೆ ಹಾಕಿ ಕೊಟ್ಟವನಲ್ಲ. ಏಳನೆಯದು ಏನಿರಬಹುದು ಎಂದು ಯೋಚಿಸುವುದನ್ನೇ ಬಿಟ್ಟೆ. ಬಟ್ಟೆ ಒಣಗಿಸುವ ತಂತಿಗೆ ಒಂದು ಕಬ್ಬಿಣದ ಕಂಬವಿದೆ. ಚಳಿಗೆ ಅದು ಇನ್ನೂ ತಣ್ಣಗಿತ್ತು. ಅದನ್ನು ಅಂಗೈಯಲ್ಲಿ ಹಿಡಿದುಕೊಂಡೆ. ಹಿಡಿದು ಹಾಡಿದೆ.

ದೂಳು ಎದ್ದಿತು. ಐದು, ಆರು. ಏಳರಲ್ಲಿ ದನಿ ಕೆಳಗೆ ಹೋಗುವ ಬದಲು ಒಂದು ಗಳಿಗೆ ಹಿಂದಕ್ಕೆ ತಿರುಗಿ ಮೇಲೆ ನೋಡಿತು, ಆಮೇಲೆ ಇಳಿಯಿತು. ಅದು ನನಗೆ ಗೊತ್ತಿರಲಿಲ್ಲ, ಅಂಗೈಗೆ ಗೊತ್ತಿತ್ತು. ಎಂಟು, ಒಂಬತ್ತು, ಹತ್ತು, ಹನ್ನೊಂದು. ದೂಳು ನಿಲ್ಲಲಿಲ್ಲ. ನಾನು ಬಾಯಿ ಮುಚ್ಚಿದೆ. ಗುಡ್ಡ ಇನ್ನೊಂದು ಗೇಣು ಬಂತು, ಮುಂದೆ ಏನಾದರೂ ಇದೆಯೋ ಎಂದು ಕಾದವರ ಹಾಗೆ. ಆಮೇಲೆ ನಿಂತಿತು. ಹಿತ್ತಲ ತುದಿಯಲ್ಲಿದ್ದ ಒಗೆಯುವ ಕಲ್ಲು ಅದರ ಅಡಿಗೆ ಹೋಗಿತ್ತು.

ಈರಯ್ಯ ಹಗ್ಗ ಎಳೆದ, ಎರಡು ಸಲ ಎಳೆದ. "ಎರಡು ಗೇಣು, ಮೂರು ಬೆರಳು," ಎಂದ. ಬೇಲಿಯ ಕಡೆ ತಿರುಗಿದ. "ಇದು ಹಾಡೇ ಕಣ್ರಪ್ಪ."

ಟೈಲರು ಬೇಲಿಯಾಚೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ದೇವೀರಿ ಕಣ್ಣು ಮುಚ್ಚಿ ನಿಂತಿದ್ದಳು, ಅವಳ ಗಂಟಲು ಮಾತ್ರ ಒಳಗೊಳಗೇ ಅಲ್ಲಾಡುತ್ತಿತ್ತು. ಕೇಳಿದ್ದನ್ನು ಚೆಲ್ಲದ ಹಾಗೆ ಮನೆಗೆ ಹೋದಳು. ಮಾರನೆಯ ದಿನದ ತನಕ ಯಾರೊಂದಿಗೂ ಮಾತಾಡಲಿಲ್ಲವಂತೆ.

ಬುಧವಾರ ಬಸ್ಸಿಗೆ ಬಂದಾಗಲೂ ತಲೆಯಾಡಿಸಿದಳು, ಅಷ್ಟೇ. ಚಿಕ್ಕತಾಯಮ್ಮ ರೊಟ್ಟಿ ಕಟ್ಟಿಕೊಟ್ಟಳು. ನಾನು ಹೇಗೆ ಇರುತ್ತೇನೆಂದು ಕೇಳಲಿಲ್ಲ. ಹುಲ್ಲಿಗೆ ದಿನಾ ಎರಡು ಕೊಡ ನೀರು ಹೊಯ್ಯುತ್ತೇನೆ, ಬೇಗ ಬರುತ್ತದೆ ಎಂದಳು. ಒಗೆಯುವ ಕಲ್ಲು ಹೋದದ್ದಕ್ಕೆ ಮಾತ್ರ ಸ್ವಲ್ಪ ಬೈದಳು.

ಅರ್ಧ ದಿನದ ದಾರಿ. ಗುಡ್ಡ ಸಣ್ಣದಾಯಿತು, ಮಸುಕಾಯಿತು, ಹೋಯಿತು. ಸೇತುವೆ ದಾಟಿದ ಮೇಲೆ ದೇವೀರಿ ಕಿಟಕಿಯ ಕಡೆ ತಿರುಗಿ ಬಾಯಿ ತೆರೆದಳು. ನನ್ನ ಹಾಗೇ ಮೊದಲು ಗಾಳಿ. ಆಮೇಲೆ ಒಂದು ದನಿ ಬಂತು, ಅವಳ ಮಾತಿನ ದನಿಗಿಂತ ದಪ್ಪ, ಅಂಚಿನಲ್ಲಿ ಸ್ವಲ್ಪ ಒರಟು. ಅವಳು ಥಟ್ಟನೆ ನಿಲ್ಲಿಸಿ ನನ್ನನ್ನು ನೋಡಿದಳು.

"ಇದು ನಂದಾ, ಮಾವ?"

"ನಿಂದೇ ಕಣವ್ವ."

ಮೊದಲಿನಿಂದ ಹಾಡಿದಳು. ಮೇಲೆ ಹತ್ತಿದಳು, ಉಸಿರು ಮುಗಿಯುವ ಕಡೆಗೆ ಹೋದಳು. ನಾನು ಮುಂದಿನ ಸೀಟಿನ ಸರಳು ಹಿಡಿದುಕೊಂಡೆ. ಹನ್ನೊಂದು ಮೆಟ್ಟಿಲನ್ನೂ ಒಂದೊಂದಾಗಿ ಇಳಿದಳು, ಏಳನೆಯದರಲ್ಲಿ ತಿರುಗಿ ನೋಡಿ. ಕಂಡಕ್ಟರು ಸೀಟಿ ಊದಲು ಬಾಯಿಗಿಟ್ಟವನು ಹಾಗೇ ನಿಂತಿದ್ದ, ಇಳಿಯಬೇಕಾದವರು ಇಳಿಯದೆ ಮುಂದಿನ ಸ್ಟಾಪಿಗೆ ಹೋದರು.

ಶುಕ್ರವಾರ ಟೀಚರಮ್ಮ ಪೂರ್ತಿ ಹಾಡು ಒಂದು ಸಲ, ಆ ಇಳಿಯುವ ಜಾಗವನ್ನು ಇನ್ನೊಂದು ಸಲ ಹಾಡಿಸಿದರು. ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದರಂತೆ. ನಮ್ಮೂರಿನ ನಲವತ್ತೊಂದು ಪೆಟ್ಟಿಗೆ ಎಂದಳಂತೆ ಇವಳು. ಅವರಿಗೆ ಏನೂ ಅರ್ಥವಾಗಲಿಲ್ಲ, ಗಂಟು ಒಳಗಿಡು ಎಂದರು.

ನಾನು ಗುಜರಿ ಕೊಟ್ಟಿಗೆಯಲ್ಲಿ ಐದು ತಿಂಗಳು ಇದ್ದೆ. ಹುಲ್ಲು ಬಂತು ಎಂದು ಈರಯ್ಯ ಡ್ರೈವರಿನ ಕೈಯಲ್ಲಿ ಎರಡು ಗರಿಕೆ ಕಳಿಸಿದಾಗ ಆಷಾಢ. ಈಗ ನಮ್ಮೂರಲ್ಲಿ ತಟ್ಟೆಯನ್ನು ನಡುವಿನಿಂದ ಅಂಚಿಗೆ ಒರೆಸುತ್ತಾರೆ. ಆ ಅಜ್ಜಿ ಮಾತ್ರ ನೆಗೆತದ ತಟ್ಟೆಯನ್ನೇ ಕೇಳುತ್ತಾಳೆ, ಕೇಳಲಿ. ಆ ಬಸ್ಸಿನಲ್ಲಿ ಹೋದವರು ನಾವಿಬ್ಬರು, ಹುಲ್ಲು ನೋಡಲು ವಾಪಸು ಬಂದವನು ನಾನೊಬ್ಬ. ದೇವೀರಮ್ಮ ಊರು ಬಿಟ್ಟದ್ದು ಮಾಗಿಯ ಆ ಬುಧವಾರ.